ಅಂಕಮ್ಮನಿಗೆ ಬರೆದ ಚೀಟಿ

ಕೂಟಗಲ್‌ನ ಶಾಲೆಯಲ್ಲಿ ಮುನಿರತ್ನಮ್ಮ ಮತ್ತು ಅಂಕಮ್ಮ ಏಳನೆಯ ತರಗತಿಯವರೆಗೂ ಒಂದೇ ಪುಸ್ತಕ ಹಂಚಿಕೊಂಡು ಓದಿದವರು. ಇಬ್ಬರ ಮನೆಯಲ್ಲೂ ಕೂಲಿ ಸಿಕ್ಕ ದಿನ ಮುದ್ದೆ, ಇಲ್ಲದ ದಿನ ಗಂಜಿ. ಲೆಕ್ಕದಲ್ಲಿ ಅಂಕಮ್ಮನೇ ಮುಂದು. ಮುನಿರತ್ನಮ್ಮ ಅವಳದನ್ನು ನೋಡಿ ಬರೆಯುತ್ತಿದ್ದಳು.

೧೯೭೪ರ ಬೇಸಿಗೆಯಲ್ಲಿ ರಾಮನಗರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮುಂದೆ ಓದುವವರಿಗೆ ಒಂದೇ ಸೀಟು ಖಾಲಿಯಿತ್ತು. ಅದಕ್ಕೊಂದು ಪರೀಕ್ಷೆ. ವೆಂಕಟಯ್ಯ ಮೇಷ್ಟ್ರು ತಾರೀಖು ಬರೆದ ಎರಡು ಚೀಟಿಗಳನ್ನು ಮುನಿರತ್ನಮ್ಮನ ಕೈಗಿತ್ತು, ಒಂದನ್ನು ಅಂಕಮ್ಮನಿಗೆ ಕೊಡು ಎಂದರು. ಅಂಕಮ್ಮ ಆಗ ಅವ್ವನ ಜೊತೆ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಮುನಿರತ್ನಮ್ಮ ಎರಡು ದಿನ ಅವಳ ಚೀಟಿಯನ್ನು ಲಂಗದಲ್ಲಿ ಸಿಕ್ಕಿಸಿಕೊಂಡು ಓಡಾಡಿದಳು. ಮೂರನೆಯ ದಿನ ಒಲೆಗೆ ಹಾಕಿದಳು.

ಪರೀಕ್ಷೆ ಬರೆದು ಸೀಟು ಸಿಕ್ಕಿ ಅವಳು ಹಾಸ್ಟೆಲಿಗೆ ಹೊರಟಾಗ ಅಂಕಮ್ಮ ಓಡಿ ಬಂದಳು. “ನಂಗ್ಯಾಕೆ ಯೋಳ್ನಿಲ್ಲ?”

“ಚೀಟಿ ನಿಮ್ಮಪ್ಪನ ಕೈಗೆ ಕೊಟ್ಟಿದ್ನಲ್ಲ.”

ಮುನಿರತ್ನಮ್ಮ ನರ್ಸ್ ಆದಳು. ಚನ್ನಪಟ್ಟಣ, ಮಾಗಡಿ ಎಂದು ಮೂವತ್ತೈದು ವರ್ಷ ದುಡಿದಳು, ಮಗಳನ್ನು ಲಾಯರ್ ಮಾಡಿದಳು. ಎಷ್ಟು ಕಷ್ಟದಿಂದ ಮೇಲೆ ಬಂದಿರಿ ಎಂದು ಯಾರಾದರೂ ಹೊಗಳಿದರೆ ಏನೋ ನೆಪ ಹೇಳಿ ಎದ್ದುಹೋಗುತ್ತಿದ್ದಳು.

ನಿವೃತ್ತಿಯಾದ ಮೇಲೆ ತಡೆಯಲಾಗದೆ ಅಂಕಮ್ಮನನ್ನು ಹುಡುಕಿಕೊಂಡು ಹೋದಳು. ರಾಮನಗರದಲ್ಲಿ, ನೂಲು ತೆಗೆಯುವ ಶೆಡ್ಡಿನ ಹಿಂದೆ ಒಂದು ಕೋಣೆಯ ಮನೆ. ರೇಷ್ಮೆಗೂಡು ಬೇಯಿಸುವ ಬಿಸಿನೀರಿನಲ್ಲಿ ಅದ್ದಿ ಅದ್ದಿ ಅಂಕಮ್ಮನ ಬೆರಳ ತುದಿಗಳು ಬಿಳಿಚಿ ಒಡೆದಿದ್ದವು. ಅವಳು ಕೊಟ್ಟ ಟೀಯನ್ನು ಮುನಿರತ್ನಮ್ಮ ಕುಡಿಯದೆ ಕೆಳಗಿಟ್ಟಳು.

“ಚೀಟಿ ನಿಮ್ಮಪ್ಪಂಗೆ ಕೊಡ್ನಿಲ್ಲ ಕಣೆ. ಸುಟ್ಟಾಕ್ಬುಟ್ಟೆ. ನೀ ಬಂದಿದ್ರೆ ಆ ಸೀಟು ನಂಗೆ ಸಿಕ್ತಿರ್ನಿಲ್ಲ.”

ಸೀಟಿನ ಮಾತನ್ನು ಅಂಕಮ್ಮ ಎತ್ತಲೇ ಇಲ್ಲ.

“ನಂಗ್ಯಾರೂ ಕೊಡ್ನಿಲ್ಲ ಕಣವ್ವ ಅಂತ ಅಪ್ಪ ಮಾರಮ್ಮನ ಮೇಲೆ ಆಣೆ ಇಟ್ಟಿದ್ದ,” ಎಂದಳು. “ನಾ ನಂಬ್ನಿಲ್ಲ. ಕೂಲಿ ಆಸೆಗೆ ಮುಚ್ಚಿಟ್ಟ ಅನ್ಕಂಡೆ. ಅವ್ನು ಸಾಯೋಗಂಟ ನೆಟ್ಟಗೆ ಮಾತಾಡ್ಸ್ನಿಲ್ಲ.”

ಮುನಿರತ್ನಮ್ಮ ಅವಳ ಕೈ ಹಿಡಿಯಲು ಹೋದಳು. ಅಂಕಮ್ಮ ಕೈ ಎಳೆದುಕೊಂಡಳು.

“ನೀ ಈಗ ಹೋಗು. ನಿನ್ಮೇಲೆ ಆಮೇಲೆ ಸಿಟ್ ಮಾಡ್ಕತೀನಿ. ನಂಗೀಗ ಅಪ್ಪಂದೇ ಗ್ಯಾನ.”

ಹೊಸಿಲ ಬಳಿ ಮುನಿರತ್ನಮ್ಮ ನಿಂತಳು. ಇನ್ನೊಂದು ಮಾತು ಉಳಿದಿತ್ತು. ಅವಳು ಹಾಸ್ಟೆಲ್ ಸೇರಿದ ತಿಂಗಳಿಗೆ ಅಂಕಮ್ಮನ ಅಪ್ಪ ಹುಚ್ಚಯ್ಯ ನಡೆದೇ ಬಂದು, ಗೇಟಿನ ಹೊರಗೆ ಟವೆಲು ಮುದುರಿಕೊಂಡು ನಿಂತು ಕೇಳಿದ್ದ: “ಕೊಡ್ನಿಲ್ಲ ಅಂತ ಆಣೆ ಇಟ್ಬುಟ್ಟೆ, ಈಗ ನಂಗೇ ನೆಪ್ಪಿಲ್ಲ ಕಣವ್ವ. ಚೀಟಿ ನೀ ನಂಗೇ ಕೊಟ್ಯಾ?”

ಅವಳು ಹೂಂ ಎಂದಿದ್ದಳು.

ಅದನ್ನು ಹೇಳದೆ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.