ಶುಕ್ರವಾರದ ಊಟಕ್ಕೆ ಗೆದ್ದ ವಾದ

ಗಂಜಿ ಹಾಕಿದ ಅಂಗಿಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಸರಿದಾಗ ಒಂದು ವಾಸನೆ ಏಳುತ್ತದೆ. ಮೊನ್ನೆ ಮಂಗಳೂರಿನಲ್ಲಿ, ನನ್ನ ಹಾಸ್ಟೆಲಿನ ಪಕ್ಕದ ಇಸ್ತ್ರಿ ಅಂಗಡಿಯಲ್ಲಿ ನಿಂತಿದ್ದಾಗ ಅದು ಮೂಗಿಗೆ ಬಡಿಯಿತು. ಬಹರೈನಿನಲ್ಲಿ ನಮ್ಮ ಮನೆಗೆಲಸಕ್ಕಿದ್ದ ಅಕ್ಕನ ನೆನಪಾಯಿತು.

ನಮ್ಮ ಮನೆಯವರು ಅಕ್ಕನ ಕಥೆ ಹೇಳುವುದು ಹೀಗೆ: ಅವಳಿಗೆ ಊರಿಗೆ ಹೋಗಬೇಕಿತ್ತು, ಪಾಸ್‌ಪೋರ್ಟ್ ಕೇಳಿದಳು, ಅಪ್ಪ ಆ ಕ್ಷಣವೇ ಕೊಟ್ಟು ಕಳಿಸಿದರು. ಕೇಳಲು ಚೆನ್ನಾಗಿದೆ. ಆದರೆ ಸಾಕ್ಷಿಯ ಮುಂದೆ ನಿಲ್ಲುವುದಿಲ್ಲ. ಅವಳು ಕೇಳಲೇ ಇಲ್ಲ. ಕೇಳಿದ್ದು ನಾನು.

ತೊಂಬತ್ತರ ದಶಕದ ಕೊನೆ, ನಾನಾಗ ಹೈಸ್ಕೂಲಿನಲ್ಲಿದ್ದೆ. ಬಹರೈನಿನ ಹಮದ್ ಟೌನ್‌ನಲ್ಲಿ ನಮ್ಮ ಮನೆ, ಸೀಫ್‌ನಲ್ಲಿ ಅಪ್ಪನ ಆಫೀಸು. ಅಕ್ಕ ನಮ್ಮ ಮನೆಗೆಲಸಕ್ಕೆಂದು ಮೂಡುಬಿದಿರೆಯ ಕಡೆಯಿಂದ ಬಂದವಳು. ಅಡುಗೆ, ಬಟ್ಟೆ, ನನ್ನ ತಂಗಿ, ಎಲ್ಲವೂ ಅವಳದೇ ಪಾಲು. ಅವಳ ವೀಸಾ ಅಪ್ಪನ ಹೆಸರಿನಲ್ಲಿತ್ತು, ಪಾಸ್‌ಪೋರ್ಟ್ ಅಪ್ಪನ ಕಪಾಟಿನಲ್ಲಿತ್ತು. ಅಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ. ಅದೊಂದು ವಿಷಯ ಎಂದು ಯಾರಿಗೂ ಅನಿಸಿರಲಿಲ್ಲ. ನಾನು ಚರ್ಚಾಸ್ಪರ್ಧೆಗೆ ತಯಾರಾಗುವಾಗ ಅಡುಗೆಮನೆಯೇ ಸಭೆ, ಅಕ್ಕನೇ ಅಧ್ಯಕ್ಷೆ, ಕುಕ್ಕರಿನ ಸೀಟಿಯೇ ಎಚ್ಚರಿಕೆಯ ಗಂಟೆ. ನನ್ನ ದನಿ ಏರಿದರೆ, "ನಿಧಾನ ಮಾರಾಯ, ಬೇಳೆ ಹೆದರ್ತದೆ" ಎನ್ನುತ್ತಿದ್ದಳು.

ಆ ವರ್ಷ ಕನ್ನಡಿಗರ ಸಭೆಯೊಂದರಲ್ಲಿ ವಿದ್ಯಾರ್ಥಿಗಳಿಗೆ ಕೊಟ್ಟ ವಿಷಯ ಅಮೆರಿಕದ ಅಂತರ್ಯುದ್ಧ. ಗುಲಾಮಗಿರಿಯ ಮೇಲೆ ಉತ್ತರ, ದಕ್ಷಿಣಗಳು ಹೊಡೆದಾಡಿದ ಆ ಯುದ್ಧ ಗುಲಾಮರನ್ನು ನಿಜವಾಗಿ ಬಿಡಿಸಿತೇ? ಬಿಡಿಸಿತು ಎಂಬುದು ನನ್ನ ಪಕ್ಷ. ಎದುರಿಗಿದ್ದ ಹುಡುಗಿ ಯುದ್ಧವನ್ನು ಬಿಟ್ಟು ಯುದ್ಧ ಮುಗಿದ ಮೇಲಿನ ವರ್ಷಗಳನ್ನೇ ಹಿಡಿದಳು. ಬಿಡುಗಡೆಯಾದವರಿಗೆ ಕಾಲೂರಲು ನೆಲ ಸಿಗಲಿಲ್ಲ, ಹಳೆಯ ಒಡೆಯರ ಹೊಲಕ್ಕೇ ಪಾಲಿಗೆ ದುಡಿಯಲು ಮರಳಿದರು, ದೇಶ ಕಟ್ಟುತ್ತೇವೆಂದು ಬಂದ ಉತ್ತರದವರು ಕೆಲವೇ ವರ್ಷಗಳಲ್ಲಿ ಬೇಸತ್ತು ಕೈತೊಳೆದುಕೊಂಡರು ಎಂದಳು. ನಾನೆದ್ದು, "ಮೊದಲು ಬಾಗಿಲು ತೆರೆಯಲಿ. ಹೊರಗೆ ಎಲ್ಲಿ ನಿಲ್ಲಬೇಕೆನ್ನುವುದು ಆಮೇಲಿನ ಪ್ರಶ್ನೆ" ಎಂದೆ. ಚಪ್ಪಾಳೆ. ಬಹುಮಾನ ನನಗೇ.

ಕಾರಿನಲ್ಲಿ ಮರಳುವಾಗ ಸಭೆಗೆ ನಮ್ಮ ಜೊತೆ ಬಂದಿದ್ದ ಅಕ್ಕ ಹಿಂದಿನ ಸೀಟಿನಿಂದ ಕೇಳಿದಳು: "ಬಿಟ್ಟ ಮೇಲೆ ಅವರು ಊಟಕ್ಕೆ ಎಂತ ಮಾಡಿದ್ರು ಮಗಾ?"

"ಅದು ನನ್ನ ಪಾಯಿಂಟ್ ಅಲ್ಲ ಅಕ್ಕ, ಆ ಹುಡುಗಿದು" ಎಂದೆ.

ಮುಂದಿನ ಶುಕ್ರವಾರ ಮನೆಗೆ ಅಪ್ಪನ ಸ್ನೇಹಿತರು ಊಟಕ್ಕೆ ಬಂದಿದ್ದರು. ಅವರಲ್ಲೊಬ್ಬರು ಅಸ್ಕರ್‌ನ ಕಾರ್ಖಾನೆ ಕಡೆ ಕೆಲಸಗಾರರ ಮೇಲ್ವಿಚಾರಕರು. ಮಾತು ಪಾಸ್‌ಪೋರ್ಟಿಗೆ ಬಂತು. "ಅವರ ಕೈಗೆ ಕೊಟ್ರೆ ಕಳೆದು ಹಾಕ್ತಾರೆ, ನಮ್ಮತ್ರ ಇದ್ರೆ ಸೇಫ್" ಎಂದರು ಅವರು. ಅಮ್ಮ ಹಪ್ಪಳ ಬಡಿಸುತ್ತಾ, "ನಮ್ಮ ಇವಳು ಮಾತ್ರ ಮನೆಯವಳ ಹಾಗೇ" ಎಂದಳು.

ಅಂಥ ವಾಕ್ಯ ಸಿಕ್ಕರೆ ನಾನು ಬಿಡುತ್ತೇನೆಯೇ?

"ಅಮೆರಿಕದ ಹತ್ತಿ ತೋಟದ ಒಡೆಯರೂ ಹೀಗೇ ಹೇಳ್ತಿದ್ರು ಅಮ್ಮ. ಮನೆಯವಳಾದ್ರೆ ನಿನ್ನ ಪಾಸ್‌ಪೋರ್ಟಿಗೂ ಅಪ್ಪ ಬೀಗ ಹಾಕಿದ್ದಾರಾ?"

ಬೆಂಗಳೂರಿನ ಎಂಜಿನಿಯರ್ ಒಬ್ಬರು ಗಟ್ಟಿಯಾಗಿ ನಕ್ಕರು. "ಏನ್ ಸರ್, ಮನೇಲೇ ಸುಪ್ರೀಂ ಕೋರ್ಟ್ ಇಟ್ಕೊಂಡಿದ್ದೀರಲ್ಲ!"

ಅಪ್ಪನೂ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು... ನಾನು ನಿಲ್ಲಿಸಲಿಲ್ಲ. ಸಾಕುವುದಕ್ಕೂ ಹಿಡಿದಿಟ್ಟುಕೊಳ್ಳುವುದಕ್ಕೂ ಏನು ವ್ಯತ್ಯಾಸ ಎಂದೆ. ಉತ್ತರವಿಲ್ಲದಿದ್ದರೆ ಒಪ್ಪಿಕೊಳ್ಳಿ ಎಂದೆ. ಅಪ್ಪ ಕೈ ತೊಳೆದು ಒಳಗೆ ಹೋದರು, ಕಪಾಟು ತೆರೆದರು, ಪಾಸ್‌ಪೋರ್ಟ್ ತಂದು ಅಕ್ಕನ ಮುಂದೆ ಚಾಚಿದರು. ಸಾರಿನ ಪಾತ್ರೆ ಹಿಡಿದಿದ್ದ ಅವಳಿಗೆ ತೆಗೆದುಕೊಳ್ಳಲು ಕೈ ಬಿಡುವಿರಲಿಲ್ಲ. ಅಪ್ಪ ಅದನ್ನು ಮೇಜಿನ ಅಂಚಿನಲ್ಲಿಟ್ಟರು.

"ಇಕೋ. ನಾವು ಗುಲಾಮರನ್ನು ಇಟ್ಕೊಂಡವರು ಅಂತ ಯಾರೂ ಹೇಳುವುದು ಬೇಡ. ಈ ವಾರವೇ ಕಳಿಸಿ ಕೊಡ್ತೇನೆ."

ಅಕ್ಕ ಅಮ್ಮನ ಮುಖ ನೋಡಿದಳು. ಅಮ್ಮ ಹಪ್ಪಳದ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು. ನಾನು? ಎಂಜಿನಿಯರರ ಮುಖ ನೋಡುತ್ತಿದ್ದೆ, ಮೆಚ್ಚಿದರೋ ಇಲ್ಲವೋ ಎಂದು.

ಅಪ್ಪ ಅವಳ ವೀಸಾ ರದ್ದು ಮಾಡಿಸಿದರು. ಅಂದರೆ ಅವಳು ಹೋಗಬಹುದು, ಬರುವಂತಿಲ್ಲ. ಪೆಟ್ಟಿಗೆ ಕಟ್ಟುವ ಮುಂಚೆ ಅಕ್ಕ ನನ್ನ ಶಾಲೆಯ ಅಂಗಿಗಳಿಗೆಲ್ಲ ಗಂಜಿ ಹಾಕಿ ಇಸ್ತ್ರಿ ಮಾಡಿದಳು. ಏನಾದರೂ ಒಳ್ಳೆಯ ಮಾತು ಆಡಬೇಕೆಂದು, "ಈಗ ನಿನಗೆ ಖುಷಿ ಅಲ್ವಾ ಅಕ್ಕ?" ಎಂದೆ.

"ಮಗಳ ಬಾಣಂತನಕ್ಕೆ ಎರಡು ತಿಂಗಳು ಹೋಗಿ ಬರ್ಲಿಕ್ಕೆ ಅಮ್ಮ ಒಪ್ಪಿದ್ರು ಮಗಾ. ನಿನ್ನ ಪರೀಕ್ಷೆ ಮುಗಿದ ಮೇಲೆ ಅಂತ ಇತ್ತು" ಎಂದಳು. ಅಂಗಿಯನ್ನು ತಿರುಗಿಸಿ ಹಾಕಿ, "ಅಳಿಯನಿಗೆ ಕೆಲಸ ಇಲ್ಲ. ಬಾಣಂತನ ಅಂತೂ ಆಗ್ತದೆ. ಆಮೇಲೆ ಎಲ್ಲರ ಊಟಕ್ಕೆ..." ಎಂದು ಅಲ್ಲಿಗೇ ಬಿಟ್ಟಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ವಾದಿಸುತ್ತಿದ್ದೆ, ಬಹುಶಃ ಗೆಲ್ಲುತ್ತಿದ್ದೆ ಕೂಡ.

ಆಮೇಲೆ ಅವಳು ಕುವೈತಿನ ಯಾವುದೋ ಮನೆಗೆ ಹೋದಳೆಂದು ಕೇಳಿದೆವು. ಅಲ್ಲೂ ಪಾಸ್‌ಪೋರ್ಟ್ ಮನೆಯವರ ಹತ್ತಿರವೇ ಅಂತೆ, ಫೋನಿಗೂ ಬಿಡುವುದಿಲ್ಲವಂತೆ. ಆ ನಂತರ ಸುದ್ದಿ ಇಲ್ಲ... ಚರ್ಚಾಸ್ಪರ್ಧೆಯ ಹುಡುಗಿ ಹೇಳಿದ ಹೊಲದ ಕಥೆ ನನಗೆ ಅರ್ಥವಾಗಿದ್ದು ಆಗ. ಪಾಸ್‌ಪೋರ್ಟ್ ಕಪಾಟಿನಲ್ಲಿಟ್ಟದ್ದು ತಪ್ಪು ಎಂಬ ನನ್ನ ವಾದವನ್ನು ಇವತ್ತಿಗೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಯಾರ ಬಿಡುಗಡೆಗಾಗಿ ವಾದಿಸಿದೆನೋ ಅವಳನ್ನು ಒಂದು ಮಾತು ಕೇಳಿರಲಿಲ್ಲ. ನಾನು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲೇ ಅವಳಿದ್ದಳು.

ಈ ಭಾನುವಾರ ಹಾಸ್ಟೆಲಿನ ಫೋನಿಗೆ ಅಮ್ಮ ಕರೆ ಮಾಡಿದಾಗ ಅಕ್ಕನ ಹೆಸರೆತ್ತಿದೆ. "ಅವಳೇ ಕೇಳಿದ್ದಲ್ವಾ, ನಾವು ಕಳಿಸಿದ್ದು" ಎಂದಳು. ಎರಡು ತಿಂಗಳು ಹೋಗಿ ಬರಲು ನೀನು ಒಪ್ಪಿದ್ದ ಮಾತು ಅಕ್ಕ ನನಗೆ ಹೇಳಿದ್ದಳು ಎಂದೆ. ನನ್ನ ಪಾಲಿನ ತಪ್ಪನ್ನು ಅರ್ಧವಾದರೂ ಅಮ್ಮನ ಮಡಿಲಿಗೆ ಹಾಕಲು ನೋಡುತ್ತಿದ್ದೇನೆಂದು ಗೊತ್ತಿದ್ದೂ ಕೇಳಿದೆ:

"ಅಮ್ಮಾ, ಅಪ್ಪ ಪಾಸ್‌ಪೋರ್ಟ್ ಮೇಜಿನ ಮೇಲಿಟ್ಟಾಗ 'ಹೋಗಿ ಬಾ' ಅಂತ ನೀನಾದ್ರೂ ಯಾಕೆ ಹೇಳಲಿಲ್ಲ?"