ಜಮೇದಾರ್ ದೇರಪ್ಪನ ಮೂಗರ್ಜಿ

ಮಡಿಕೇರಿಯ ಕಚೇರಿಯಲ್ಲಿ ಮೂವತ್ತು ವರ್ಷ ಸಾಹೇಬರ ಕೋಣೆಯ ಬಾಗಿಲು ಕಾದ ಜಮೇದಾರ್ ದೇರಪ್ಪನಿಗೆ ಕೊನೆಗೆ ದಕ್ಕಿದ್ದು ಎರಡು: ಒಂದು ಪಿಂಚಣಿ, ಇನ್ನೊಂದು ಅನುಮಾನ. ಎದುರು ನಿಂತವನು ಸುಳ್ಳು ಹೇಳುತ್ತಿದ್ದಾನೋ ನಿಜ ಹೇಳುತ್ತಿದ್ದಾನೋ ಎಂದು ಮುಖ ನೋಡಿಯೇ ಹೇಳಿಬಿಡುತ್ತೇನೆ ಎಂಬ ಜಂಬ ಅವನಿಗೆ. ಅದು ಎಷ್ಟು ಸಲ ಸರಿಯಾಗಿತ್ತು ಎಂದು ಕೇಳಿದವರಿಲ್ಲ. ನಿವೃತ್ತನಾದ ಮೇಲೆ ಪೇಟೆಯ ಇಳಿಜಾರಿನಲ್ಲಿ ನಾಲ್ಕು ಕೋಣೆಗಳ ಒಂದು ಸಾಲುಮನೆ ಕಟ್ಟಿಸಿದ. ಎದುರಿಗೇ ತನ್ನ ಮನೆ. ಬೆಳಗಿನಿಂದ ಸಂಜೆಯವರೆಗೆ ಜಗಲಿಯ ಮೇಲೆ ಕೂತು ಆ ನಾಲ್ಕು ಬಾಗಿಲುಗಳನ್ನು ಕಾಯುವುದೇ ಅವನ ಹೊಸ ನೌಕರಿ.

ಬಾಡಿಗೆಗೆ ಬಂದವರ ಹೆಸರನ್ನು ಅವನು ಕೇಳುತ್ತಿರಲಿಲ್ಲ. "ಸಂಬಳ ಯಾರು ಕೊಡೂದು?" ಎನ್ನುವುದೇ ಮೊದಲ ಪ್ರಶ್ನೆ. ಸರ್ಕಾರ ಎಂದರೆ ಬೀಗದ ಕೈ ಹೊರಗೆ ಬರುತ್ತಿತ್ತು. ಸಂತೆಯಲ್ಲಿ ಬಳೆ ಮಾರುತ್ತೇನೆ ಎಂದವನಿಗೂ ತೋಟದಲ್ಲಿ ಕೂಲಿ ಎಂದವನಿಗೂ ಕೋಣೆ ಖಾಲಿಯಿಲ್ಲ. ಖಾಲಿ ಕೋಣೆಯ ಬಾಗಿಲು ತೆರೆದೇ ಇದ್ದರೂ ಖಾಲಿಯಿಲ್ಲ.

ಬಸ್ರಾದ ಕಡೆ ನಡೆದ ಮಹಾಯುದ್ಧ ಮುಗಿದು ನಾಲ್ಕು ವರ್ಷವಾಗಿತ್ತು. ಕೊಡ್ಲಿಪೇಟೆ ಕಡೆಯ ಹೊನ್ನಮ್ಮ ಎಂಬ ವಿಧವೆ, ಹತ್ತು ವರ್ಷದ ಮಗಳು ಯಮುನಳನ್ನು ಕರೆದುಕೊಂಡು ಬಂದಳು. ಮಗಳನ್ನು ಮಡಿಕೇರಿಯ ಶಾಲೆಗೆ ಸೇರಿಸಿಯಾಗಿತ್ತು, ತಲೆಯ ಮೇಲೊಂದು ಸೂರು ಸಿಗದಿದ್ದರೆ ವಾಪಸು ಊರಿಗೆ ಹೋಗಬೇಕು. ಅಷ್ಟರಲ್ಲಿ ಐದು ಮನೆಯವರು ಇಲ್ಲ ಎಂದಿದ್ದರು.

"ಸಂಬಳ ಯಾರು ಕೊಡೂದು?"

"ಸಂಬಳ ಇಲ್ಲ ಯಜಮಾನ್ರೇ. ನಮ್ಮನೆಯೋರು ಹೇಸರಗತ್ತೆ ಪಡೆ ಜೊತೆ ಬಸ್ರಾಕ್ಕೆ ಹೋಗಿದ್ರು, ಅಲ್ಲೇ ತೀರ್ಕೊಂಡ್ರು. ಪಿಂಚಣಿ ಬತ್ತದೆ."

"ಸತ್ತವನ ದುಡ್ಡು ಎಷ್ಟು ದಿನ ಬರ್ತದೆ?"

"ನಿಮ್ಮದೂ ಪಿಂಚಣೀನೇ ಅಲ್ವಾ?"

"ನನ್ನದು ನಾನು ದುಡಿದದ್ದು."

"ನಂದು ಅವರು ಸತ್ತದ್ದು" ಎಂದಳು ಹೊನ್ನಮ್ಮ, ದನಿ ಏರಿಸದೆ.

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ದೇರಪ್ಪನ ಹೆಂಡತಿ ನೀಲಾವತಿ ತಾನೇ ಬಂದು ಮೂರನೇ ಕೋಣೆಯ ಬೀಗದ ಕೈಯನ್ನು ಹೊನ್ನಮ್ಮನ ಅಂಗೈಗೆ ಹಾಕಿದಳು. ಹೆಂಡತಿಯ ಎದುರು ದೇರಪ್ಪನ ಜಮೇದಾರಿಕೆ ನಡೆಯುತ್ತಿರಲಿಲ್ಲ. ಆದರೆ ಅಂದಿನಿಂದ ಅವನ ಕಣ್ಣು ಆ ಬಾಗಿಲಿಗೇ ಅಂಟಿಕೊಂಡಿತು. ಮರುಮದುವೆಯಾದರೆ ವಿಧವೆಯ ಪಿಂಚಣಿ ನಿಲ್ಲುತ್ತದೆ ಎಂಬ ಕಾನೂನು ಅವನಿಗೆ ಗೊತ್ತಿತ್ತು. ನಿಂತರೆ ಬಾಡಿಗೆ? ಮೂವತ್ತು ದಾಟದ ಹೆಂಗಸು, ಕೇಳುವವರಿಲ್ಲ. ಇದೆಲ್ಲ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ತನಗೆ ಗೊತ್ತಿಲ್ಲವೇ ಎಂದುಕೊಂಡ.

ಹಾಗೆ ಕಾಯುತ್ತಿದ್ದವನಿಗೆ ದೇವರು ಮೋಸ ಮಾಡಲಿಲ್ಲ. ತಿಂಗಳ ಮೊದಲ ವಾರ ಒಬ್ಬ ಗಂಡಸು ಬಂದ. ಕಪ್ಪು ಕೋಟು, ಎಡಗಾಲು ಕುಂಟು. ಕೊಡೆಯನ್ನು ಮೂರನೇ ಕೋಣೆಯ ಕಿಟಕಿಯ ಸರಳಿಗೆ ಸಿಕ್ಕಿಸಿ, ಹೊಸ್ತಿಲ ಹೊರಗೆ ಕೂತು ಕಾಫಿ ಕುಡಿದು, ಹೊನ್ನಮ್ಮನ ಜೊತೆ ಪೇಟೆಯ ಕಡೆ ನಡೆದ. ಮುಂದಿನ ತಿಂಗಳೂ ಬಂದ. ಅದರ ಮುಂದಿನ ತಿಂಗಳೂ.

"ನೋಡಿದೆಯಾ?" ಎಂದ ದೇರಪ್ಪ.

"ನಿಮ್ಗೆ ಬೇರೆ ಕೆಲ್ಸ ಇಲ್ಲೆನಾ?" ಎಂದಳು ನೀಲಾವತಿ.

ಬೇರೆ ಕೆಲಸ ಇರಲಿಲ್ಲ. ಆ ಗಂಡಸು ಯಾರು ಎಂದು ಹೊನ್ನಮ್ಮನನ್ನೇ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಸುಳ್ಳು ಹೇಳುತ್ತಾಳೆ ಎಂದು ಕೇಳಲಿಲ್ಲ. ಕೋಟೆಯ ಬಾಗಿಲಲ್ಲಿ ಕೂರುವ ಅರ್ಜಿ ಬರಹಗಾರನ ಬಳಿ ಹೋಗಿ, ಕಂಡದ್ದನ್ನು ಕಂಡಂತೆ, ಕಾಣದ್ದನ್ನೂ ಕಂಡಂತೆ ಸೇರಿಸಿ, ಅವಳು ಮರುಮದುವೆಯಾಗಿದ್ದಾಳೆ ಎಂದು ಬರೆಸಿ, ಕೆಳಗೆ ಹೆಸರು ಹಾಕಿಸದೆ ಪಿಂಚಣಿ ಕೊಡುವ ಖಜಾನೆಗೆ ಕಳಿಸಿದ.

ಮೂಗರ್ಜಿ ತನ್ನ ಕೆಲಸ ಮಾಡಿತು. ವಿಚಾರಣೆಯಾಗುವವರೆಗೆ ಹೊನ್ನಮ್ಮನ ಪಿಂಚಣಿಯನ್ನು ತಡೆಹಿಡಿದರು. ಆ ತಿಂಗಳು ಬಾಡಿಗೆ ಬರಲಿಲ್ಲ. "ನಾನು ಹೇಳಲಿಲ್ಲವಾ?" ಎಂದು ದೇರಪ್ಪ ಹೆಂಡತಿಯ ಎದುರು ಮೀಸೆ ತಿರುವಿದ. ಅದೇ ಸಂಜೆ ಹೊನ್ನಮ್ಮ ಜಗಲಿಯ ಕೆಳಗೆ ಬಂದು ನಿಂತಳು. ಅತ್ತು ಕಣ್ಣು ಊದಿತ್ತು.

"ಯಾರೋ ಪುಣ್ಯಾತ್ಮರು ನನ್ನ ಮೇಲೆ ಅರ್ಜಿ ಹಾಕವ್ರೆ. ಮನೆ ಯಜಮಾನ್ರು ಬಂದು ಹೇಳಿದ್ರೆ ಪಿಂಚಣಿ ಬಿಡ್ತಾರಂತೆ. ನೀವು ದಿನಾ ಇಲ್ಲೇ ಕೂತಿರ್ತೀರಿ. ನಾನು ಹೆಂಗಿದೀನಿ ಅನ್ನೋದು ನಿಮಗಿಂತ ಯಾರಿಗೆ ಗೊತ್ತು?"

ದೇರಪ್ಪ ಹೆಂಡತಿಯ ಕಡೆ ತಿರುಗಿದ. ಇಲ್ಲ ಎನ್ನಲು ನೀಲಾವತಿ ಬಿಡಲಿಲ್ಲ.

ಮರುದಿನ ಖಜಾನೆಯಲ್ಲಿ ಆ ಕುಂಟ ಮೊದಲೇ ಬಂದು ನಿಂತಿದ್ದ. ಶಿರಸ್ತೇದಾರರು ದೇರಪ್ಪನಿಗೆ ಹಳೆಯ ಪರಿಚಯದವರು. ಕುಂಟನನ್ನು ತೋರಿಸಿ, "ಇವನು ಪೊನ್ನಪ್ಪ. ಈಕೆ ಇಂಥವಳೇ ಎಂದು ಗುರುತು ಹೇಳೋ ಸಾಕ್ಷಿ. ಸಾಕ್ಷಿ ಇಲ್ಲದೆ ಹಣ ಕೊಡೋ ಹಾಗಿಲ್ಲ" ಎಂದರು.

ದೇರಪ್ಪ ಇಂಥ ಸಾಕ್ಷಿಯ ವಿಷಯ ಕೇಳಿಯೇ ಇರಲಿಲ್ಲ. ಖಜಾನೆಯ ಗುಮಾಸ್ತರೆಲ್ಲ ಅವನನ್ನು ಬಲ್ಲವರು. ತನ್ನ ಪಿಂಚಣಿಗೆ ಹೋದಾಗ ನೀನು ಯಾರು ಎಂದು ಅವನನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ.

"ಬಸ್ರಾದಲ್ಲಿ ಇವಳ ಗಂಡನನ್ನ ಮಣ್ಣು ಮಾಡಿದ್ದು ನಾನು" ಎಂದ ಪೊನ್ನಪ್ಪ. "ತಿಂಗಳಿಗೊಂದು ಸಲ ಬಂದು ಹೆಬ್ಬೆಟ್ಟು ಒತ್ತಿ ಹೋಗ್ತೇನೆ. ಅಷ್ಟೂ ಮಾಡ್ಬಾರ್ದಾ?"

ಶಿರಸ್ತೇದಾರರು ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಕಪ್ಪು ಕೋಟು. ಎಡಗಾಲು. ಕಿಟಕಿಯ ಸರಳಿಗೆ ಸಿಕ್ಕಿಸಿದ ಕೊಡೆ. ಅಲ್ಲಿಗೆ ಹೊನ್ನಮ್ಮ ತಲೆಯೆತ್ತಿದಳು. ಆ ಕಿಟಕಿ ಬೀದಿಗೆ ಕಾಣುವುದಿಲ್ಲ. ಕಾಣುವುದು ಒಂದೇ ಜಗಲಿಗೆ. ಅವಳು ದೇರಪ್ಪನನ್ನು ನೋಡಿದಳು. ಮೂವತ್ತು ವರ್ಷ ಎಲ್ಲರ ಮುಖ ನೋಡಿದವನಿಗೆ ಆ ಒಂದು ಮುಖ ನೋಡಲಾಗಲಿಲ್ಲ.

"ನಾನೇ ಬರೆಸಿದ್ದು ಸ್ವಾಮೀ" ಎಂದ. "ಅದರಲ್ಲಿ ಇರೂದು ಕೊಡೆಯೊಂದೇ ನಿಜ."

ಪಿಂಚಣಿ ಬಿಡುಗಡೆಯಾಯಿತು. ಹೊನ್ನಮ್ಮ ಬಾಕಿ ನಿಂತಿದ್ದ ಬಾಡಿಗೆಯನ್ನು ಅಂದೇ ನೀಲಾವತಿಯ ಕೈಗೆ ಕೊಟ್ಟು, ಸಾಮಾನು ಕಟ್ಟತೊಡಗಿದಳು. ದೇರಪ್ಪ ಬಾಗಿಲವರೆಗೆ ಬಂದ.

"ಎಷ್ಟು ದಿನ ಬೇಕಾದ್ರೂ ಇರಮ್ಮ. ಇನ್ನು ಏನೂ ಕೇಳೂದಿಲ್ಲ."

"ನೀವು ಯಾವತ್ತು ಕೇಳಿದ್ರಿ?" ಎಂದಳು ಹೊನ್ನಮ್ಮ. "ನೋಡೂದಿಲ್ಲ ಅಂತ ಹೇಳಿ, ಇರ್ತೀನಿ."

ದೇರಪ್ಪ ತೆರೆದ ಬಾಯಿ ಹಾಗೇ ಮುಚ್ಚಿದ. ಅವನಿಗೆ ತನ್ನ ಗುಣ ಗೊತ್ತಿತ್ತು. ಆ ಒಂದು ವಿಷಯದಲ್ಲಾದರೂ ಅವನು ಸುಳ್ಳು ಹೇಳಲಿಲ್ಲ.

ಎರಡು ದಿನ ಬಿಟ್ಟು, ಶಾಲೆಯ ಹತ್ತಿರ ಬಾಡಿಗೆ ಮನೆಯಿರುವ ಶಕುಂತಲಮ್ಮ ಬಂದಳು. ಹೊನ್ನಮ್ಮ ಅಲ್ಲಿ ಮನೆ ಕೇಳಿದ್ದಳು.

"ಜಮೇದಾರ್ರೇ, ನಿಮ್ಮನ್ನ ಕೇಳಿಯೇ ಕೊಡೂದು ಅಂತ ಬಂದೆ. ಅವಳ ದುಡ್ಡು ಎಲ್ಲಿಂದ ಬರೂದು? ಬಾಡಿಗೆ ತಪ್ಪಿದ್ದು ಉಂಟಾ?"

"ಒಂದು ತಿಂಗಳು ತಪ್ಪಿತ್ತು" ಎಂದ ದೇರಪ್ಪ.

ಶಕುಂತಲಮ್ಮ ಎದ್ದು ಸೆರಗು ಸರಿಮಾಡಿಕೊಂಡಳು.

"ಕೂತ್ಕೊಳ್ಳಿ, ಮುಗೀಲಿಲ್ಲ" ಎಂದ ಅವನು. "ಆ ಒಂದು ತಿಂಗಳು ತಪ್ಪಿಸಿದವ ನಾನು."