ಎರಡು ಗೆರೆಯ ಜ್ವರ

ಜಾವಗಲ್ ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದಾಗ ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಬೇಲೂರಿನ ಮನೆಯಿಂದ ಹೊರಟು, ಹಳೇಬೀಡಿನಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಬೆಂಚಿನ ಮೇಲೆ ಯಾರಾದರೊಬ್ಬರು ಕಂಬಳಿ ಹೊದ್ದು ನಡುಗುತ್ತಾ ಕೂತಿರುತ್ತಿದ್ದರು. ಆಗ ಆ ಕಡೆ ಮಲೇರಿಯಾ ಜಾಸ್ತಿ. ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಆ ಪುಟ್ಟ ಉಂಗುರದಂಥ ಪರಾವಲಂಬಿಯನ್ನು ಹುಡುಕುವುದು ನನ್ನ ಕೆಲಸ. ಕರೆಂಟು ಹೋದರೆ ಸೂಕ್ಷ್ಮದರ್ಶಕವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಓಡುತ್ತಿದ್ದೆ.

ಒಮ್ಮೆ ನಮ್ಮ ಡಾಕ್ಟರು ತರಬೇತಿಗೆ ಹೋಗಿ ಬರುವಾಗ ಹೊಸ ಬಗೆಯ ಪರೀಕ್ಷೆಯ ಒಂದು ಪೆಟ್ಟಿಗೆ ತಂದರು. ಒಳಗೆ ಬೆರಳಗಲದ ಪಟ್ಟಿಗಳು. ಒಂದು ತೊಟ್ಟು ರಕ್ತ, ಕೆಲವು ಹನಿ ದ್ರಾವಣ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಉತ್ತರ. ಒಂದೇ ಗೆರೆ ಮೂಡಿದರೆ ಮಲೇರಿಯಾ ಇಲ್ಲ, ಇನ್ನೊಂದು ಗೆರೆಯೂ ಮೂಡಿದರೆ ಇದೆ. ಕರೆಂಟು ಬೇಡ, ಕಿಟಕಿಯೂ ಬೇಡ. ನನಗಂತೂ ಹಬ್ಬದ ಸೀರೆ ಸಿಕ್ಕಷ್ಟು ಖುಷಿ.

ಅದೇ ವಾರ ಪಕ್ಕದ ಹಳ್ಳಿಯ ಹೆಂಗಸೊಬ್ಬರು ಬಂದರು. ಅವರ ಯಜಮಾನರಿಗೆ ಚಳಿಜ್ವರ, ಅದೂ ದಿನ ಬಿಟ್ಟು ದಿನ. ಜ್ವರ ಬಂದ ದಿನ ಏಳಲಾರರು. ಬಿಟ್ಟ ದಿನ ತೋಟದಲ್ಲಿ ತೆಂಗಿನಕಾಯಿ ಕೆಡವಿಸುತ್ತಾ ನಿಂತಿರುತ್ತಾರೆ.

"ನಿನ್ನೆ ಹಲ್ಲು ಕಟಕಟ ಅಂತಿದ್ವು ಕಣವ್ವಾ. ಇವತ್ತು ಕೇಳಿದ್ರೆ ಜ್ವರಾನೇ ಬಂದಿಲ್ಲ ಅಂತಾರೆ. ಆಸ್ಪತ್ರೆಗೆ ಬನ್ನಿ ಅಂದ್ರೆ ನನ್ನೇ ಬೈತಾರೆ. ನೀನೇ ಬಂದು ನೋಡು."

ಡಾಕ್ಟರು ಪಟ್ಟಿಗಳನ್ನು ಕೊಟ್ಟು ನನ್ನನ್ನು ಅವರ ಮನೆಗೆ ಕಳಿಸಿದರು. ಯಜಮಾನರು ತೋಟದಿಂದ ಬಂದು ಜಗುಲಿಯ ಮೇಲೆ ಕೂತರು. ದೊಡ್ಡ ಮೀಸೆ, ದೊಡ್ಡ ಗಂಟಲು.

"ನಂಗೇನಾಗೈತೆ? ಬಿಸಿಲಿಗೆ ಒಂಚೂರು ಮೈ ಕಾದಿರ್ತದೆ."

"ಜ್ವರ ಇಲ್ಲದ ದಿನವೂ ರಕ್ತದಲ್ಲಿ ಹುಳ ಇರುತ್ತೆ, ಯಜಮಾನ್ರೇ. ಪರೀಕ್ಷೆಯಲ್ಲಿ ಇಲ್ಲ ಅಂತ ಬಂದ್ರೆ ನಾನು ಆಗಲೇ ಎದ್ದು ಹೋಗ್ತೀನಿ."

ಆ ಮಾತಿಗೆ ಒಪ್ಪಿ ಬೆರಳು ಚಾಚಿದರು. ಚುಚ್ಚಿದಾಗ ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ರಕ್ತದ ತೊಟ್ಟು, ದ್ರಾವಣದ ಹನಿ ಹಾಕಿ ಪಟ್ಟಿಯನ್ನು ಜಗುಲಿಯ ಮೇಲಿಟ್ಟೆ. ಮನೆಯವರೆಲ್ಲ ಸುತ್ತ ಬಗ್ಗಿ ನಿಂತರು. ಹೊಸದಾಗಿ ಮದುವೆಯಾಗಿ ಬಂದಿದ್ದ ಸೊಸೆ ಕಾಫಿ ತಂದವಳು, ಲೋಟ ಕೈಯಲ್ಲೇ ಹಿಡಿದು ಅತ್ತೆಯ ಭುಜದ ಮೇಲಿಂದ ಇಣುಕಿದಳು.

ಮೊದಲ ಗೆರೆ ಮೂಡಿತು. ಆಮೇಲೆ ನಿಧಾನಕ್ಕೆ ಎರಡನೆಯದೂ ಕೆಂಪಗೆ ಕಾಣಿಸಿತು. ನಾನು ಬಾಯಿ ತೆರೆಯುವ ಮೊದಲೇ ಸೊಸೆ ಕಿಸಕ್ಕನೆ ನಕ್ಕಳು.

"ಅಯ್ಯೋ, ಮಾವನವರಿಗೆ ಎರಡು ಗೆರೆ!"

"ಎರಡು ಗೆರೆ ಬಂದ್ರೆ ನಗೋದ್ಯಾಕಮ್ಮಿ?" ಯಜಮಾನರು ಕೇಳಿದರು.

ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಅರ್ಥವಾಗಿ ನಗು ತಡೆಯುವುದೇ ಕಷ್ಟವಾಯಿತು. ಮೆಡಿಕಲ್ ಶಾಪಿನಲ್ಲಿ ಸಿಗುವ ಬಸಿರಿನ ಪರೀಕ್ಷೆಯ ಪಟ್ಟಿಯೂ ನೋಡುವುದಕ್ಕೆ ಹೀಗೇ ಇತ್ತು. ಅದರಲ್ಲಿ ಎರಡು ಗೆರೆ ಅಂದರೆ ಬೇರೆಯೇ ಸುದ್ದಿ. ಆದರೆ ಅತ್ತೆ ನಗಲಿಲ್ಲ. ಸೊಸೆಯ ಕಡೆ ನಿಧಾನವಾಗಿ ತಿರುಗಿದರು.

"ಎರಡು ಗೆರೆ ಲೆಕ್ಕ ನಿಂಗೆ ಹೆಂಗೆ ಗೊತ್ತೇ?"

ಕಂಬಕ್ಕೊರಗಿ ನಿಂತಿದ್ದ ಮಗ ಇದ್ದಕ್ಕಿದ್ದಂತೆ ಕೊಟ್ಟಿಗೆಯ ಕಡೆ ನೋಡತೊಡಗಿದ. ಸೊಸೆಯ ಮುಖ ಕೆಂಪೇರಿತು.

"ಮೊನ್ನೆ ಅರಸೀಕೆರೆಯಿಂದ ಇವರು ತಂದಿದ್ರು. ಭಾನುವಾರ ಹೇಳೋಣ ಅಂತಿದ್ವಿ, ಅತ್ತೆ..."

ಅತ್ತೆ ಕಾಫಿ ಲೋಟವನ್ನು ಅವಳ ಕೈಯಿಂದ ಕಿತ್ತುಕೊಂಡು ನನ್ನ ಕೈಗೆ ಕೊಟ್ಟರು. ಅವಳನ್ನು ಬಾಚಿ ತಬ್ಬಿಕೊಂಡು ಅತ್ತರು, ನಕ್ಕರು. ಯಜಮಾನರಿಗೆ ಮಾತ್ರ ಇನ್ನೂ ತಿಳಿದಿರಲಿಲ್ಲ.

"ಏನ್ಲಾ ಇದು? ಜ್ವರ ನಂಗೆ, ಮುದ್ದು ಅವಳ್ಗಾ?"

ಮಗ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದ. ಮೀಸೆ ಅಗಲವಾಯಿತು. ನಾನು ಸಮಯ ನೋಡಿ, "ಯಜಮಾನ್ರೇ, ನಿಮ್ಮ ಎರಡು ಗೆರೆ ಮಲೇರಿಯಾದ್ದು. ಮಾತ್ರೆ ತಗೊಳ್ಳಲೇಬೇಕು" ಎಂದೆ. ಈ ಸಲ ವಾದ ಮಾಡಲಿಲ್ಲ.

ಆದರೆ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ. ಒಂದೇ ಮನೆ, ಅವೇ ಸೊಳ್ಳೆಗಳು. ಬಸುರಿಗೆ ಮಲೇರಿಯಾ ಬಂದರೆ ಅಪಾಯ. ವಿಷಯ ಹೇಳಿ ಸೊಸೆಯ ಬೆರಳನ್ನೂ ಚುಚ್ಚಿದೆ. ಈಗ ಯಾರೂ ನಗುತ್ತಿರಲಿಲ್ಲ. ಒಂದು ಗೆರೆ ಮೂಡಿತು. ಕಾದೆವು. ಅವಳು ಗಂಡನ ಅಂಗಿಯ ತುದಿ ಹಿಡಿದು ನಿಂತಿದ್ದಳು. ಎರಡನೆಯದು ಬರಲೇ ಇಲ್ಲ.

"ಒಂದೇ. ಏನೂ ಇಲ್ಲ" ಎಂದಾಗ ಎಲ್ಲರಿಗಿಂತ ಜೋರಾಗಿ ಉಸಿರು ಬಿಟ್ಟವರು ಯಜಮಾನರೇ.

ಗಟ್ಟಿಮಾಡಿಕೊಳ್ಳಲೆಂದು ಇಬ್ಬರ ರಕ್ತವನ್ನೂ ಗಾಜಿನ ಮೇಲೆ ಸವರಿ ತಂದು ಸಂಜೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಪಟ್ಟಿ ಹೇಳಿದ್ದು ನಿಜವಾಗಿತ್ತು. ಡಾಕ್ಟರಿಗೆ ಕತೆ ಹೇಳಿದರೆ ಅವರು ಕುರ್ಚಿಯಲ್ಲಿ ಹಿಂದಕ್ಕೆ ಬಾಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಯಜಮಾನರು ಕಹಿ ಮಾತ್ರೆಗಳನ್ನು ಬೆಲ್ಲದ ಚೂರಿನ ಜೊತೆ ನುಂಗಿ ಗುಣವಾದರು. ಸೊಸೆಗೆಂದೇ ಹೊಸ ಸೊಳ್ಳೆಪರದೆ ತಂದು ತಾವೇ ನಿಂತು ಕಟ್ಟಿಸಿದರಂತೆ. ಹಾಸನದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ನಾಮಕರಣಕ್ಕೆ ಕರೆಯಲು ಯಜಮಾನರೇ ನಮ್ಮ ಕೇಂದ್ರಕ್ಕೆ ಬಂದು, ಬೆಂಚಿನಲ್ಲಿ ಕೂತಿದ್ದ ರೋಗಿಗಳಿಗೆಲ್ಲ ಸಕ್ಕರೆ ಹಂಚಿದರು. ಅಲ್ಲೊಬ್ಬ ಬೆರಳು ಚುಚ್ಚಿಸಿಕೊಳ್ಳಲು ಹಿಂಜರಿಯುತ್ತಿದ್ದ. ಅವನ ಬೆನ್ನು ತಟ್ಟಿ ಹೇಳಿದರು:

"ಕೊಡ್ಲಾ ಬೆರಳ. ಇರುವೆ ಕಚ್ಚಿದಂಗಾಯ್ತದೆ, ಅಷ್ಟೇಯ. ನಾನು ಕಣ್ಣೇ ಮಿಟುಕಿಸಲಿಲ್ಲ!"

ನಾನು ಸಕ್ಕರೆ ಬಾಯಿಗೆ ಹಾಕಿಕೊಂಡು, ಅದರ ಜೊತೆ ನಗುವನ್ನೂ ನುಂಗಿಕೊಂಡೆ.